ಅರಮನೆಯ ಹಿತ್ತಿಲಿನ ಬೇಸಗೆಮನೆ

ಇಂಗ್ಲಿಷಿನ ‘ಸಮ್ಮರ್ ಹೌಸ್’ ಎಂಬ ಮಾತನ್ನು ಕನ್ನಡಕ್ಕೆ ತರಬೇಕಾಗಿ ಬಂದಾಗಲೆಲ್ಲ ನಾನು ತೊಡಕಿಗೆ ಸಿಲುಕಿದ್ದೇನೆ. ‘ಬೇಸಗೆಮನೆ’ ಎಂದರೆ ಅಕ್ಷರಾರ್ಥವೇನೋ ಬಂದಂತಾಯಿತು. ಆದರೆ ನಮ್ಮವರ ಕಿವಿಗೆ ಅದು ಬೇಸಗೆಯ ಬೇಗೆಯಿಂದ ಪಾರಾಗಲು ಕಟ್ಟಿಕೊಂಡ ಮನೆ ಎಂದೇ ಕೇಳಿಸುತ್ತದೆ. ನಮ್ಮ ಹಳೆಯ ಚಂಪೂಕಾವ್ಯಗಳ ಉದ್ಯಾನವರ್ಣನೆಗಳಲ್ಲಿ ಲತಾಗೃಹವುಂಟು, ಮಾಧವೀಮಂಟಪವುಂಟು, ಧಾರಾಗೃಹವುಂಟು. ಅವೆಲ್ಲವೂ ಬಿಸಿಲಿಗೆ ಬೆನ್ನು ಮಾಡಿ ಕುಳಿತ ತಾಣಗಳು. ಅಲ್ಲಿ ನೆರಳೇ ಭಾಗ್ಯ, ತಂಪೇ ಸಂಪತ್ತು. ಇಂಗ್ಲೆಂಡಿನಲ್ಲಿ ಸಂಗತಿ ತಿರುಗುಮುರುಗು. ವರ್ಷದ ಬಹುಭಾಗ ಮೋಡವೂ ಜಿನುಗುಮಳೆಯೂ ಕವಿದಿರುವ ನಾಡಿನಲ್ಲಿ ಬಿಸಿಲು ಎಂಬುದು ಅಪರೂಪದ ಅತಿಥಿ. ಆ ಅತಿಥಿಯನ್ನು ಎದುರುಗೊಳ್ಳಲೆಂದು, ಅವನು ಬಂದು ಹೋಗುವ ನಾಲ್ಕು ದಿನ ಅವನ ಜೊತೆಗಿರಲೆಂದು ತೋಟದ ಮೂಲೆಯಲ್ಲಿ ಕಟ್ಟಿದ ಪುಟ್ಟ ಮನೆಯೇ ‘ಸಮ್ಮರ್ ಹೌಸ್’. ಒಂದು ಬಿಸಿಲಿನಿಂದ ಓಡುವವರದು, ಇನ್ನೊಂದು ಬಿಸಿಲಿನತ್ತ ಓಡುವವರದು. ಪದಕೋಶಗಳು ಈ ವ್ಯತ್ಯಾಸವನ್ನು ಹೇಳುವುದಿಲ್ಲ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಎಂದರೆ 1837ರಿಂದ 1901ರವರೆಗಿನ ದೀರ್ಘ ಅವಧಿಯಲ್ಲಿ, ಇಂಥ ಮನೆಗಳ ಹುಚ್ಚು ಇಂಗ್ಲೆಂಡಿನ ಮಧ್ಯಮವರ್ಗಕ್ಕೂ ಹಿಡಿಯಿತು. ಅದಕ್ಕೆ ಹಿಂದೆ ತೋಟದಲ್ಲಿ ಮಂಟಪ ಕಟ್ಟಿಸುವುದು ದೊಡ್ಡ ಜಮೀನುದಾರರ ವಿಲಾಸವಾಗಿತ್ತು. ಅವರು ಗ್ರೀಕ್ ದೇವಾಲಯದ ಕಂಬಗಳನ್ನೋ ಪಾಳುಬಿದ್ದ ಮಠದ ಗೋಡೆಗಳನ್ನೋ ಹೊಸದಾಗಿ ಕಟ್ಟಿಸಿ ಸಂತೋಷಪಡುತ್ತಿದ್ದರು. ಈಗ ಪಟ್ಟಣದ ಅಂಚಿನಲ್ಲಿ ಒಂದಿಷ್ಟು ಹಿತ್ತಿಲಿರುವ ವಕೀಲನೂ ವರ್ತಕನೂ ತೊಗಟೆ ಬಿಡಿಸದ ಮರದ ಕಂಬಗಳನ್ನು ನೆಟ್ಟು, ಮೇಲೆ ಹುಲ್ಲು ಹೊದಿಸಿ, ಒಳಗೊಂದು ಬೆಂಚು ಹಾಕಿ ಅದನ್ನು ಬೇಸಗೆಮನೆ ಎಂದ. ಶರ್ಲಿ ಹಿಬ್ಬರ್ಡ್ ಎಂಬಾತ 1856ರಲ್ಲಿ ಮನೆ, ತೋಟಗಳ ಇಂಥ ಅಲಂಕಾರಗಳ ಬಗೆಗೇ ಒಂದು ಪುಸ್ತಕ ಬರೆದ. ಅದು ಮತ್ತೆ ಮತ್ತೆ ಅಚ್ಚಾಯಿತು. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾದ ಮೇಲಂತೂ ಗಾಜು ಅಗ್ಗವಾಗಿ, ಎರಕದ ಕಬ್ಬಿಣದೊಡನೆ ಸೇರಿ, ತೋಟದ ಕಟ್ಟಡಗಳ ಸ್ವರೂಪವೇ ಬದಲಾಯಿತು. ಆ ಕಥೆ ಬೇರೆ. ಅದನ್ನು ಇಂದು ಎತ್ತಿಕೊಳ್ಳುವುದಿಲ್ಲ.

ನಾನು ಇಂದು ಹೇಳಹೊರಟಿರುವುದು ಒಂದೇ ಒಂದು ಬೇಸಗೆಮನೆಯ ವಿಷಯ. ಅದು ಇದ್ದದ್ದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಹಿತ್ತಿಲಿನಲ್ಲಿ. ಹಿತ್ತಿಲು ಎಂದೆ, ಅದರ ವಿಸ್ತಾರ ಸುಮಾರು 39 ಎಕರೆ. ಮನೆಯಾದರೋ ಬಹಳ ಚಿಕ್ಕದು. ಆದರೆ ಅದು ಹೊತ್ತಿದ್ದ ಹೊರೆ ಒಂದು ರಾಷ್ಟ್ರದ್ದು.

ವಿಕ್ಟೋರಿಯಾ ರಾಣಿ ಹದಿನೆಂಟು ವರ್ಷ ತುಂಬಿದ ಕೆಲವೇ ದಿನಗಳಲ್ಲಿ ಪಟ್ಟಕ್ಕೆ ಬಂದಳು. 1840ರ ಫೆಬ್ರುವರಿಯಲ್ಲಿ ಜರ್ಮನಿಯ ಕೋಬರ್ಗ್ ಮನೆತನದ ಆಲ್ಬರ್ಟನನ್ನು ಮದುವೆಯಾದಳು. ಇಬ್ಬರಿಗೂ ಇಪ್ಪತ್ತು ವರ್ಷ. ಇರಬೇಕಾದದ್ದು ಲಂಡನ್ನಿನ ನಟ್ಟನಡುವಿನ ಅರಮನೆಯಲ್ಲಿ. ಎಲ್ಲಿ ತಿರುಗಿದರೂ ಪರಿಜನ, ಎಲ್ಲಿ ಕುಳಿತರೂ ಶಿಷ್ಟಾಚಾರ. ಅರಮನೆಯ ತೋಟದಲ್ಲಿ ಕೆರೆ ತೋಡಿದಾಗ ತೆಗೆದ ಮಣ್ಣನ್ನು ಒಟ್ಟಿ ಮಾಡಿದ ಒಂದು ಕೃತಕ ದಿಬ್ಬವಿತ್ತು. ಕೆರೆಯ ನೀರು ಕಣ್ಣಿಗೆ ಬೀಳುವ ಹಾಗೆ ಎತ್ತರದಲ್ಲಿ ಒಂದು ಪುಟ್ಟ ಮಂಟಪ ಕಟ್ಟಿಸಬೇಕೆಂದು ಈ ತರುಣ ದಂಪತಿಗಳಿಗೆ ತೋರಿತು. 1842ರಲ್ಲಿ ಕೆಲಸ ಮೊದಲಾಯಿತು.

ಹೊರಗಿನಿಂದ ನೋಡಿದರೆ ಇಂಥದೇ ಶೈಲಿಯೆಂದು ಹೆಸರಿಸಲಾಗದ ಕಟ್ಟಡ ಅದು. ಯಾವ ವಾಸ್ತುಶಾಸ್ತ್ರಕ್ಕೂ ಜವಾಬು ಹೇಳುವ ಗೋಜಿಗೆ ಹೋಗದೆ ಮನಸ್ಸಿಗೆ ಬಂದಂತೆ ಕಟ್ಟಿದ್ದು. ಒಳಗೆ ಮೂರು ಕೋಣೆ, ಹಿಂದೆ ಒಂದು ಸಣ್ಣ ಅಡುಗೆಮನೆ. ನಡುವಣ ಕೋಣೆ ಎಂಟು ಮೂಲೆಯದು. ಅಡ್ಡಲಾಗಿ ಅಳೆದರೆ ಹದಿನೈದು-ಹದಿನಾರು ಅಡಿ, ಅಷ್ಟೇ. ನಮ್ಮ ಹಳ್ಳಿಮನೆಯ ನಡುಮನೆ ಎಷ್ಟೋ ಕಡೆ ಅದಕ್ಕಿಂತ ದೊಡ್ಡದಿರುತ್ತದೆ. ಮೇಲೆ ಗುಮ್ಮಟಾಕಾರದ ಛಾವಣಿ. ಗೋಡೆಯೂ ಛಾವಣಿಯೂ ಕೂಡುವಲ್ಲಿ ಎಂಟು ದಿಕ್ಕಿಗೆ ಎಂಟು ಅರ್ಧಚಂದ್ರಾಕಾರದ ಜಾಗಗಳು. ಒಂದೊಂದರಲ್ಲಿ ಒಂದೊಂದು ಚಿತ್ರ. ಈ ಕೋಣೆ ಕವಿ ಮಿಲ್ಟನ್ನನಿಗೆ ಮೀಸಲು. ಪಕ್ಕದ ಕೋಣೆಗಳಲ್ಲಿ ಒಂದನ್ನು ಪಾಂಪೇ ನಗರದ ಅವಶೇಷಗಳಲ್ಲಿ ಸಿಕ್ಕ ಮನೆಗಳ ಅಲಂಕಾರವನ್ನು ಅನುಸರಿಸಿ ಸಿಂಗರಿಸಿದರು. ಇನ್ನೊಂದನ್ನು ವಾಲ್ಟರ್ ಸ್ಕಾಟನ ಕೃತಿಗಳ ದೃಶ್ಯಗಳಿಂದ ತುಂಬಿದರು. ಒಂದು ಹೆಜ್ಜೆ ಆಚೆ ಇಟ್ಟರೆ ಪ್ರಾಚೀನ ರೋಮ್, ಒಂದು ಹೆಜ್ಜೆ ಈಚೆ ಇಟ್ಟರೆ ಸ್ಕಾಟ್ಲೆಂಡಿನ ಬೆಟ್ಟಗಳು, ನಡುವೆ ಮಿಲ್ಟನ್. ಇದನ್ನು ಕೆಲವರು ಅಭಿರುಚಿಯ ಗೊಂದಲವೆಂದಾರು. ವಿಕ್ಟೋರಿಯಾ ಕಾಲದವರಿಗೆ ಗೊಂದಲವೇ ಅಭಿರುಚಿಯಾಗಿತ್ತು ಎಂದರೂ ತಪ್ಪಾಗದು.

ಚಹಾ ಕುಡಿಯುವ ಮಂಟಪಕ್ಕೆ ಇಷ್ಟು ಚಿತ್ರಗಳೇಕೆ? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

1834ರ ಅಕ್ಟೋಬರ್ 16ರ ರಾತ್ರಿ ಲಂಡನ್ನಿನ ಹಳೆಯ ಪಾರ್ಲಿಮೆಂಟ್ ಭವನ ಸುಟ್ಟುಹೋಯಿತು. ಕಾರಣ ವಿಚಿತ್ರವಾದದ್ದು. ಇಂಗ್ಲೆಂಡಿನ ಖಜಾನೆಯಲ್ಲಿ ಶತಮಾನಗಳ ಕಾಲ ಲೆಕ್ಕವಿಡುತ್ತಿದ್ದುದು ಕಚ್ಚು ಹಾಕಿದ ಮರದ ಕಡ್ಡಿಗಳಿಂದ. ಆ ಪದ್ಧತಿ ನಿಂತುಹೋದ ಮೇಲೆ ರಾಶಿ ಬಿದ್ದಿದ್ದ ಕಡ್ಡಿಗಳನ್ನು ಪಾರ್ಲಿಮೆಂಟಿನ ನೆಲಮಾಳಿಗೆಯ ಒಲೆಗಳಲ್ಲಿ ಉರಿಸಲು ಅಪ್ಪಣೆಯಾಯಿತು. ಒಲೆ ಕಾದದ್ದು ಹೆಚ್ಚಾಯಿತು. ಕಡ್ಡಿಯ ಜೊತೆಗೆ ಭವನವೂ ಉರಿಯಿತು. ಬಡವರಿಗೆ ಸೌದೆಯಾಗಿ ಹಂಚಿದ್ದರೆ ಎರಡೂ ಉಳಿಯುತ್ತಿದ್ದವೇನೋ. ಹೊಸ ಭವನ ಮೇಲೇಳತೊಡಗಿದಾಗ, ಅದರ ಗೋಡೆಗಳನ್ನು ರಾಷ್ಟ್ರದ ಇತಿಹಾಸವನ್ನೂ ಸಾಹಿತ್ಯವನ್ನೂ ಸಾರುವ ಚಿತ್ರಗಳಿಂದ ಅಲಂಕರಿಸಬೇಕೆಂಬ ವಿಚಾರ ಬಂತು. ಇದಕ್ಕಾಗಿ 1841ರಲ್ಲಿ ಒಂದು ಆಯೋಗ ನೇಮಕವಾಯಿತು. ಪ್ರಧಾನಿ ರಾಬರ್ಟ್ ಪೀಲ್ ಅದರ ಅಧ್ಯಕ್ಷಪದವಿಯನ್ನು ಇಪ್ಪತ್ತೆರಡು ವರ್ಷದ ಆಲ್ಬರ್ಟನಿಗೆ ವಹಿಸಿದ. ಚಿತ್ರಕಾರ ಚಾರ್ಲ್ಸ್ ಈಸ್ಟ್‌ಲೇಕ್ ಕಾರ್ಯದರ್ಶಿಯಾದ.

ಆಗ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕೊರ್ನೇಲಿಯುಸ್ ಮೊದಲಾದವರು ಇಟಲಿಯ ಹಳೆಯ ‘ಫ್ರೆಸ್ಕೊ’ ಪದ್ಧತಿಯನ್ನು ಬದುಕಿಸಿ ದೊಡ್ಡ ದೊಡ್ಡ ಗೋಡೆಗಳನ್ನು ತುಂಬಿದ್ದರು. ಲಂಡನ್ನಿನಲ್ಲಿಯೂ ಅದೇ ಆಗಲಿ ಎಂದು ಆಯೋಗದ ಒಲವು. ತೊಂದರೆ ಏನೆಂದರೆ, ಇಂಗ್ಲೆಂಡಿನ ಚಿತ್ರಕಾರರಲ್ಲಿ ಆ ಕೆಲಸ ಬಲ್ಲವರು ಇಲ್ಲವೆನ್ನುವಷ್ಟು ವಿರಳ. ಅವರೆಲ್ಲ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಪಳಗಿದ ಕೈಗಳು. ಅಭ್ಯಾಸವಿಲ್ಲದ ಕೈಯನ್ನು ಪಾರ್ಲಿಮೆಂಟಿನ ಗೋಡೆಯ ಮೇಲೆ ಓಡಿಸುವುದಕ್ಕಿಂತ ಹಿತ್ತಿಲಿನ ಮಂಟಪದ ಗೋಡೆಯ ಮೇಲೆ ಓಡಿಸಿ ನೋಡುವುದು ಲೇಸು ಎಂದುಕೊಂಡ ಆಲ್ಬರ್ಟ್. ಹೀಗೆ ಬೇಸಗೆಮನೆ ಪ್ರಯೋಗಶಾಲೆಯಾಯಿತು.

ಫ್ರೆಸ್ಕೊ ಎಂದರೆ ಏನೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಕಥೆಯ ತಿರುಳು ಅದರಲ್ಲಿದೆ. ಆ ಇಟಾಲಿಯನ್ ಮಾತಿಗೆ ‘ತಾಜಾ’ ಎಂದು ಅರ್ಥ. ತಾಜಾ ಆಗಿರಬೇಕಾದದ್ದು ಬಣ್ಣವಲ್ಲ, ಗಾರೆ. ನಮ್ಮಲ್ಲಿ ಹಳೆಯ ಕಾಲದ ಮನೆ ಕಟ್ಟಿದವರನ್ನು ಕೇಳಿ: ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಮರಳು ಕೂಡಿಸಿ, ಅರೆದು, ಗೋಡೆಗೆ ಬಳಿಯುತ್ತಿದ್ದರು. ಹಾಗೆ ಬಳಿದ ಗಾರೆ ಹಸಿಯಾಗಿರುವಾಗಲೇ, ನೀರಿನಲ್ಲಿ ಕಲಸಿದ ಬಣ್ಣವನ್ನು ಅದರ ಮೇಲೆ ಹಚ್ಚಬೇಕು. ಅಂಟು ಬೇಡ, ಎಣ್ಣೆ ಬೇಡ. ಹಸಿ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುವ ಹೊತ್ತಿಗೆ ಬಣ್ಣದ ಕಣಗಳು ಆ ಕಲ್ಲಿನ ಪದರದೊಳಗೇ ಸೆರೆಯಾಗುತ್ತವೆ. ಚಿತ್ರ ಗೋಡೆಯ ಮೇಲೆ ಇರುವುದಿಲ್ಲ, ಗೋಡೆಯೇ ಚಿತ್ರವಾಗುತ್ತದೆ. ಅದಕ್ಕೇ ಇಟಲಿಯ ಒಣಹವೆಯಲ್ಲಿ ಐನೂರು ವರ್ಷ ಕಳೆದರೂ ಎಷ್ಟೋ ಫ್ರೆಸ್ಕೊಗಳು ಬಣ್ಣಗೆಡದೆ ಉಳಿದಿವೆ.

ಆದರೆ ಇದಕ್ಕೆ ಒಂದು ಕಠಿಣ ನಿಯಮವಿದೆ. ಒಂದು ದಿನದಲ್ಲಿ ಎಷ್ಟು ಬರೆಯಬಲ್ಲೆವೋ ಅಷ್ಟಕ್ಕೇ ಗಾರೆ ಬಳಿಸಬೇಕು. ಒಣಗಿತೋ, ಮುಗಿಯಿತು, ಉಳಿದ ಗಾರೆಯನ್ನು ಕೆತ್ತಿ ತೆಗೆದು ಮಾರನೆಯ ದಿನ ಹೊಸದು ಹಾಕಬೇಕು. ತಿದ್ದುವುದಕ್ಕೆ ಅವಕಾಶವಿಲ್ಲ. ಹಸಿಯಲ್ಲಿ ಕಂಡ ಬಣ್ಣ ಒಣಗಿದ ಮೇಲೆ ಬಹಳ ತಿಳಿಯಾಗುತ್ತದೆ. ಆ ವ್ಯತ್ಯಾಸವನ್ನು ಮೊದಲೇ ಊಹಿಸಿ ಕುಂಚವಿಡಬೇಕು. ಇಷ್ಟೆಲ್ಲ ಅವಸರದಲ್ಲಿ ರೇಖೆಗಳನ್ನು ಹುಡುಕುತ್ತ ಕೂಡಲು ಬಾರದೆಂದು, ಚಿತ್ರದ ಪೂರ್ಣ ಅಳತೆಯ ನಕಾಶೆಯನ್ನು ದಪ್ಪ ಕಾಗದದ ಮೇಲೆ ಮೊದಲೇ ಬರೆದುಕೊಳ್ಳುತ್ತಾರೆ. ಅದಕ್ಕೆ ಇಟಾಲಿಯನ್ನಿನಲ್ಲಿ ‘ಕಾರ್ಟೋನೆ’ ಎಂದು ಹೆಸರು, ಇಂಗ್ಲಿಷಿನಲ್ಲಿ ‘ಕಾರ್ಟೂನ್’. ಪಾರ್ಲಿಮೆಂಟಿನ ಗೋಡೆಗಳಿಗಾಗಿ ನಡೆದ ಸ್ಪರ್ಧೆಯ ಇಂಥ ಕಾರ್ಟೂನುಗಳನ್ನು 1843ರ ಬೇಸಗೆಯಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಪ್ರದರ್ಶನಕ್ಕಿಟ್ಟರು. ಜನ ಕಿಕ್ಕಿರಿದು ನೋಡಿದರು. ಅದೇ ಜುಲೈನಲ್ಲಿ ‘ಪಂಚ್’ ಪತ್ರಿಕೆ, ಹೊಟ್ಟೆಗಿಲ್ಲದ ಬಡಜನ ಬೆಲೆಬಾಳುವ ಚಿತ್ರಗಳನ್ನು ನೋಡುತ್ತ ನಿಂತಿರುವ ಒಂದು ಕುಚೋದ್ಯದ ಚಿತ್ರವನ್ನು ಅಚ್ಚುಹಾಕಿ, ಅದಕ್ಕೆ ‘ಕಾರ್ಟೂನ್ ಸಂಖ್ಯೆ ಒಂದು’ ಎಂದು ಶೀರ್ಷಿಕೆ ಕೊಟ್ಟಿತು. ಅಂದಿನಿಂದ ಆ ಮಾತಿನ ಅರ್ಥವೇ ಮಗುಚಿತು. ಇಂದು ನಾವು ಬೆಳಿಗ್ಗೆ ಪತ್ರಿಕೆ ಬಿಡಿಸಿ ನೋಡಿ ನಗುವ ವ್ಯಂಗ್ಯಚಿತ್ರದ ಹೆಸರು ಬಂದದ್ದು ಹಸಿ ಗಾರೆಯ ಈ ಸಡಗರದಿಂದ.

ಮಂಟಪಕ್ಕೆ ಹಿಂದಿರುಗೋಣ. ಎಂಟು ಗೋಡೆಗಳಿಗೆ ಎಂಟು ಮಂದಿ ಪ್ರಸಿದ್ಧ ಚಿತ್ರಕಾರರನ್ನು ಕರೆಸಿದರು: ಈಸ್ಟ್‌ಲೇಕ್, ಮಕ್ಲೀಸ್, ಲ್ಯಾಂಡ್‌ಸೀರ್, ಸ್ಟ್ಯಾನ್‌ಫೀಲ್ಡ್, ಯೂವಿನ್ಸ್, ಲೆಸ್ಲಿ, ರಾಸ್ ಮತ್ತು ಎಟ್ಟಿ. ವಿಷಯ ಮಿಲ್ಟನ್ನನ ‘ಕೋಮಸ್’. ನಾನು ಕಾಲೇಜಿನ ಮೊದಲ ವರ್ಷಗಳಲ್ಲಿ ಇಂಗ್ಲಿಷ್ ಅಧ್ಯಾಪಕರೊಬ್ಬರ ಬಲವಂತಕ್ಕೆ ಓದಿದ ಕೃತಿ ಇದು, ಅರ್ಥವಾದದ್ದು ಕಾಲುಪಾಲು. 1634ರಲ್ಲಿ ಲಡ್ಲೊ ಕೋಟೆಯಲ್ಲಿ ಆಡಿದ ಒಂದು ಗೇಯನಾಟಕ. ಕಾಡಿನಲ್ಲಿ ಅಣ್ಣತಮ್ಮಂದಿರಿಂದ ಅಗಲಿದ ಕನ್ಯೆಯೊಬ್ಬಳು ಕೋಮಸ್ ಎಂಬ ಮಾಂತ್ರಿಕನ ಕೈಗೆ ಸಿಕ್ಕುತ್ತಾಳೆ. ಅವನು ಕೊಡುವ ಪಾನೀಯ ಕುಡಿದವರಿಗೆ ಮೃಗದ ತಲೆ ಬರುತ್ತದೆ. ಈಕೆ ಕುಡಿಯುವುದಿಲ್ಲ, ಮಾಯದ ಪೀಠಕ್ಕೆ ಅಂಟಿಕೊಂಡು ಏಳಲಾರದೆ ಕೂರುತ್ತಾಳೆ, ಆದರೆ ಮನಸ್ಸು ಬಗ್ಗುವುದಿಲ್ಲ. ಕಡೆಗೆ ಸೆವರ್ನ್ ನದಿಯ ಅಧಿದೇವತೆ ಸಬ್ರೀನಾ ನೀರಿನಿಂದ ಎದ್ದು ಬಂದು ಆಕೆಯನ್ನು ಬಿಡಿಸುತ್ತಾಳೆ. ಕೆರೆಯ ದಡದ ಮಂಟಪಕ್ಕೆ ಜಲದೇವತೆಯ ಕಥೆ ಒಪ್ಪುವಂಥದೇ.

ಯಾರು ಏನನ್ನು ಬರೆದರೆಂಬುದೂ ಸ್ವಾರಸ್ಯದ ಸಂಗತಿ. ಲ್ಯಾಂಡ್‌ಸೀರ್ ನಾಯಿ, ಜಿಂಕೆ, ಕುದುರೆಗಳನ್ನು ಬರೆಯುವುದರಲ್ಲಿ ದೇಶಕ್ಕೇ ಹೆಸರಾದವನು; ಕೋಮಸ್ಸನ ಮೃಗಮುಖದ ಪರಿವಾರ ದಿಕ್ಕಾಪಾಲಾಗುವ ದೃಶ್ಯ ಅವನ ಪಾಲಿಗೆ ಬಂತು. ಅದಕ್ಕಾಗಿ ಅವನು ಮಾಡಿಕೊಂಡ ಎಣ್ಣೆಬಣ್ಣದ ಕರಡು ಇಂದಿಗೂ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ. ಸ್ಟ್ಯಾನ್‌ಫೀಲ್ಡ್ ಸಮುದ್ರದ ಚಿತ್ರಗಳಿಗೂ ನಾಟಕದ ಪರದೆಗಳಿಗೂ ಹೆಸರಾದವನು. ರಾಸ್ ಎಂಬಾತ ದಂತದ ತಗಡಿನ ಮೇಲೆ ಅಂಗೈಯಗಲದ ಭಾವಚಿತ್ರ ಬರೆಯುತ್ತಿದ್ದವನು. ಅವನನ್ನು ಕರೆತಂದು ಹಸಿ ಗೋಡೆಯ ಮುಂದೆ ನಿಲ್ಲಿಸಿದ್ದರು! ಎಲ್ಲರೂ ಪ್ರೌಢರು, ಆದರೆ ಈ ವಿದ್ಯೆಯಲ್ಲಿ ಎಲ್ಲರೂ ಓಂನಾಮದವರು.

ರಾಣಿಯೂ ಆಲ್ಬರ್ಟನೂ ದಿನಕ್ಕೆರಡು ಬಾರಿ, ಮುನ್ಸೂಚನೆಯಿಲ್ಲದೆ, ಪರಿವಾರವಿಲ್ಲದೆ ಮಂಟಪಕ್ಕೆ ಬಂದು ಕೆಲಸ ನೋಡುತ್ತಿದ್ದರೆಂದು ಯೂವಿನ್ಸ್ 1843ರ ಆಗಸ್ಟಿನ ಒಂದು ಕಾಗದದಲ್ಲಿ ಬಹಳ ಮೆಚ್ಚಿಕೊಂಡು ಬರೆದಿದ್ದಾನೆ. ಆ ಗೃಹಸ್ಥಜೀವನದ ಸರಳತೆಗೆ ಅವನು ಮಾರುಹೋಗಿದ್ದ. ನನಗೆ ಅದನ್ನು ಓದುವಾಗ ಬೇರೊಂದು ಯೋಚನೆಯೂ ಬಂತು. ಗಾರೆ ಒಣಗುತ್ತಿದೆ, ಕೈಗೆ ಹೊಸ ವಿದ್ಯೆ, ಬೆನ್ನ ಹಿಂದೆ ಸಿಂಹಾಸನದ ಒಡತಿ ನಿಂತು ನೋಡುತ್ತಿದ್ದಾಳೆ. ಆ ಸ್ಥಿತಿಯಲ್ಲಿ ಕುಂಚ ನಡುಗದೆ ಇದ್ದೀತೇ?

ನಡುಗಿದ ಕುಂಚ ವಿಲಿಯಂ ಎಟ್ಟಿಯದು. ಈತ ಯಾರ್ಕ್ ನಗರದ ಬ್ರೆಡ್ ಮಾಡುವವನ ಮಗ. ಹುಡುಗನಾಗಿ ಹಲ್ ಪಟ್ಟಣದ ಮುದ್ರಣಾಲಯವೊಂದರಲ್ಲಿ ಏಳು ವರ್ಷ ದುಡಿದು, ಅನಂತರ ಚಿತ್ರಕಲೆಗೆ ಬಂದವನು. 1828ರಲ್ಲಿ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯತ್ವಕ್ಕೆ ಚುನಾವಣೆಯಾದಾಗ ಮಹಾನ್ ಚಿತ್ರಕಾರ ಕಾನ್‌ಸ್ಟೆಬಲ್‌ನನ್ನು ಹಿಂದೆ ಹಾಕಿ ಗೆದ್ದವನು. ಗೆದ್ದ ಮೇಲೂ ವಿದ್ಯಾರ್ಥಿಗಳ ಜೊತೆ ತರಗತಿಯಲ್ಲಿ ಕುಳಿತು ನಗ್ನದೇಹದ ಅಭ್ಯಾಸ ಮಾಡುವುದನ್ನು ಬಿಡದವನು. ಸಹೋದ್ಯೋಗಿಗಳು ಇದು ಸದಸ್ಯನ ಘನತೆಗೆ ತಕ್ಕದ್ದಲ್ಲವೆಂದಾಗಲೂ ಬಿಡಲಿಲ್ಲ. ಮನುಷ್ಯದೇಹದ ಕಾಂತಿಯನ್ನು ಎಣ್ಣೆಬಣ್ಣದ ತೆಳುಪದರಗಳ ಮೇಲೆ ಪದರವಿಟ್ಟು ಮೂಡಿಸುವುದು ಅವನ ಶಕ್ತಿ. ಫ್ರೆಸ್ಕೊದಲ್ಲಿ ಆ ಪದರಗಳಿಗೆ ಎಡೆಯೇ ಇಲ್ಲ. ಮಂಟಪದ ಕೆಲಸಕ್ಕೆ ಕರೆ ಬಂದಾಗ ಅವನಿಗೆ ಐವತ್ತಾರು ವರ್ಷ. ಮೂವತ್ತು ವರ್ಷ ದುಡಿದು ಗಳಿಸಿದ ಕೈಚಳಕವನ್ನು ಬಾಗಿಲಾಚೆ ಬಿಟ್ಟು ಒಳಗೆ ಬರಬೇಕಾಯಿತು.

ಅವನ ಚಿತ್ರ ಅರಮನೆಯವರಿಗೆ ಒಪ್ಪಿಗೆಯಾಗಲಿಲ್ಲ. ಅದನ್ನು ತೆಗೆಸಿದರು. ಆ ಜಾಗದಲ್ಲಿ ಬರೆಯಲು ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ವಿಲಿಯಂ ಡೈಸ್ ಎಂಬವನನ್ನು ಕರೆಸಿದರು. ಇವನು ಎಟ್ಟಿಗಿಂತ ಹತ್ತೊಂಬತ್ತು ವರ್ಷ ಕಿರಿಯ, ಇಟಲಿಯ ಗೋಡೆಚಿತ್ರಗಳನ್ನು ಕಣ್ಣಾರೆ ಅಭ್ಯಾಸಮಾಡಿ ಬಂದವನು. ಕ್ಯಾನ್ವಾಸಿನ ಚಿತ್ರ ಬೇಡವೆಂದರೆ ಅದನ್ನು ಸುತ್ತಿ ಮನೆಗೆ ಒಯ್ಯಬಹುದು, ಮಾರಬಹುದು, ಕಡೆಗೆ ಗೋಡೆಗೆ ಮುಖ ಮಾಡಿ ಇಡಬಹುದು. ಫ್ರೆಸ್ಕೊವನ್ನು ಹಿಂದಿರುಗಿಸಿಕೊಳ್ಳುವಂತಿಲ್ಲ. ಅದು ಗೋಡೆಯೇ ಆಗಿರುವುದರಿಂದ ತೆಗೆಯುವುದೆಂದರೆ ಗಾರೆಯನ್ನು ಕೆತ್ತುವುದು. ಒಮ್ಮೆ ಒಂದು ಪಠ್ಯಪುಸ್ತಕಕ್ಕಾಗಿ ನಾನು ಬರೆದ ಪಾಠ ಮರುಮುದ್ರಣದಲ್ಲಿ ಹೇಳದೆ ಕೇಳದೆ ಮಾಯವಾಗಿ, ಅದರ ಪುಟಗಳಲ್ಲಿ ಇನ್ನೊಬ್ಬರ ಪಾಠ ಕಾಣಿಸಿಕೊಂಡಿತ್ತು. ಹೊಸ ಪಾಠ ನನ್ನದಕ್ಕಿಂತ ಚೆನ್ನಾಗಿತ್ತೆಂಬುದನ್ನು ಒಪ್ಪಿಕೊಳ್ಳಲು ನನಗೆ ಹತ್ತು ವರ್ಷ ಹಿಡಿಯಿತು. ನನ್ನ ಹಸ್ತಪ್ರತಿಯಾದರೂ ಮನೆಯಲ್ಲಿ ಉಳಿದಿತ್ತು. ಎಟ್ಟಿಗೆ ಅದೂ ಇಲ್ಲ.

ಈ ಬಗ್ಗೆ ಕೆರಳಿ ಬರೆದವನು ಕಾದಂಬರಿಕಾರ ಥ್ಯಾಕರೆ. ಅವನಿಗಿನ್ನೂ ದೊಡ್ಡ ಹೆಸರು ಬಂದಿರಲಿಲ್ಲ. ‘ಟಿಟ್‌ಮಾರ್ಷ್’ ಎಂಬ ಗುಪ್ತನಾಮದಲ್ಲಿ ಪತ್ರಿಕೆಗಳಿಗೆ ಕಲಾವಿಮರ್ಶೆ ಬರೆಯುತ್ತಿದ್ದ. ಎಟ್ಟಿಯಂಥ ಕಲಾವಿದನ ಕೆಲಸವನ್ನು ಕೆರೆಸಿ ಹಾಕಿದ್ದನ್ನೂ, ದೇಶದ ಅಗ್ರಗಣ್ಯ ಚಿತ್ರಕಾರರಿಗೆ ಒಂದೊಂದು ಚಿತ್ರಕ್ಕೆ ಕೇವಲ 40 ಪೌಂಡ್ ಕೊಟ್ಟ ಅರಮನೆಯ ಕೈಬಿಗಿಯನ್ನೂ ಅವನು 1845ರಲ್ಲಿ ಚೆನ್ನಾಗಿ ಚುಚ್ಚಿದ. ಪ್ರಯೋಗಕ್ಕೆ ಪೂರ್ಣ ಸಂಭಾವನೆ ಏಕೆ ಎಂಬುದು ಅರಮನೆಯ ತರ್ಕವಿದ್ದಿರಬಹುದು. ನಾನಂತೂ ಥ್ಯಾಕರೆಯ ಕಡೆ. ಕಲಿಯುವ ಅವಕಾಶ ಕೊಟ್ಟಿದ್ದೇವಲ್ಲ ಎಂದು ಸಂಬಳ ಕಡಿಮೆ ಮಾಡುವ ಜಾಣತನ ಲಂಡನ್ನಿಗೆ ಮಾತ್ರ ಸೇರಿದ್ದಲ್ಲ. ಆದರೆ ಆಲ್ಬರ್ಟನ ಪರವಾಗಿಯೂ ಒಂದು ಮಾತು ಹೇಳಬೇಕು. ರಾಷ್ಟ್ರದ ಗೋಡೆಯ ಮೇಲೆ ಆಗಬಹುದಾದ ತಪ್ಪನ್ನು ತನ್ನ ಮನೆಯ ಗೋಡೆಯ ಮೇಲೆ ಆಗಗೊಟ್ಟವನು ಅವನು. ಹಾಗೆ ಮಾಡುವ ಅಧಿಕಾರಸ್ಥರು ಹೆಚ್ಚಿಲ್ಲ.

1845ರ ವೇಳೆಗೆ ಅಲಂಕಾರ ಮುಗಿಯಿತು. ಕೆಲಸದ ಮೇಲ್ವಿಚಾರಣೆ ನೋಡಿಕೊಂಡಿದ್ದ ಜರ್ಮನ್ ಕಲಾವಿದ ಲುಡ್ವಿಗ್ ಗ್ರೂನರ್ 1846ರಲ್ಲಿ ಮಂಟಪದ ಒಳಾಂಗಣವನ್ನೆಲ್ಲ ಚಿತ್ರಫಲಕಗಳಲ್ಲಿ ಕೆತ್ತಿಸಿ ಒಂದು ದೊಡ್ಡ ಪುಸ್ತಕ ಹೊರತಂದ. ಪೀಠಿಕೆ ಬರೆದವಳು ಆ ಕಾಲದ ಹೆಸರಾಂತ ಕಲಾವಿಮರ್ಶಕಿ ಆನಾ ಜೇಮ್ಸನ್. ಪುಸ್ತಕ ಬಂದದ್ದು ಒಳ್ಳೆಯದೇ ಆಯಿತು. ಅಷ್ಟರಲ್ಲಿ ದಂಪತಿಗಳ ಮನಸ್ಸು ಬೇರೆಡೆಗೆ ತಿರುಗಿತ್ತು. 1845ರಲ್ಲಿ ವೈಟ್ ದ್ವೀಪದ ಆಸ್ಬೋರ್ನ್ ಎಸ್ಟೇಟನ್ನು ಕೊಂಡರು. ಮುಂದೆ ಸ್ಕಾಟ್ಲೆಂಡಿನ ಬಾಲ್ಮೊರಲ್ ಬಂತು. ಕಡಲೂ ಬೆಟ್ಟವೂ ದಕ್ಕಿದ ಮೇಲೆ ಕೃತಕ ದಿಬ್ಬವನ್ನು ಯಾರು ಕೇಳುತ್ತಾರೆ? 1861ರ ಡಿಸೆಂಬರಿನಲ್ಲಿ ಆಲ್ಬರ್ಟ್ ನಲವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ. ವಿಧವೆಯಾದ ರಾಣಿ ಲಂಡನ್ನಿನ ಅರಮನೆಯಲ್ಲಿ ನಿಲ್ಲುವುದನ್ನೇ ಬಹುಮಟ್ಟಿಗೆ ಬಿಟ್ಟಳು. ಬೇಸಗೆಮನೆಗೆ ಬೇಸಗೆಗಳು ಬಂದು ಹೋದವು, ಜನ ಬರಲಿಲ್ಲ.

ಬಂದದ್ದು ತೇವ. ಅದರ ಜೊತೆಗೆ ಕಲ್ಲಿದ್ದಲ ಹೊಗೆ. ಲಕ್ಷಾಂತರ ಒಲೆಗಳಿಂದ ಏಳುತ್ತಿದ್ದ ಲಂಡನ್ನಿನ ಹೊಗೆಯಲ್ಲಿ ಗಂಧಕದ ಆಮ್ಲಾಂಶವಿತ್ತು. ಅದು ತೇವದ ಗೋಡೆಗೆ ತಾಕಿದಾಗ ಸುಣ್ಣದ ಕಲ್ಲು ಜಿಪ್ಸಂ ಆಗಿ ಮಾರ್ಪಡುತ್ತದೆ. ಜಿಪ್ಸಂ ಉಬ್ಬುತ್ತದೆ, ಉಬ್ಬಿದ ಪದರ ಹಕ್ಕಳೆಯಾಗಿ ಕಳಚುತ್ತದೆ. ಬಣ್ಣವನ್ನು ಸೆರೆಹಿಡಿದು ಕಾಪಾಡಬೇಕಾದ ಕಲ್ಲೇ ಬಣ್ಣದೊಡನೆ ಉದುರುತ್ತದೆ. ಇಟಲಿಯಲ್ಲಿ ಯಾವ ಗುಣ ಫ್ರೆಸ್ಕೊವನ್ನು ಉಳಿಸಿತೋ, ಚಿತ್ರವೂ ಗೋಡೆಯೂ ಒಂದೇ ಆಗುವ ಆ ಗುಣವೇ ಇಲ್ಲಿ ಅದಕ್ಕೆ ಮುಳುವಾಯಿತು. ವರ್ಷಾಂತರಗಳ ಶಿಥಿಲತೆಯ ಅನಂತರ 1928ರಲ್ಲಿ ಮಂಟಪವನ್ನು ಕೆಡವಿದರು.

ಹಾಗಾದರೆ ಪ್ರಯೋಗದ ಫಲವೇನಾಯಿತು? ಪ್ರಯೋಗ ತನ್ನ ಉತ್ತರವನ್ನು ಕೊಡಲು ಕಾಲ ಬೇಡುತ್ತಿತ್ತು. ಪಾರ್ಲಿಮೆಂಟಿನವರಿಗೆ ಆ ಕಾಲವಿರಲಿಲ್ಲ. ಮಂಟಪದ ಗಾರೆ ಒಣಗಿ ಮುಪ್ಪಾಗುವುದನ್ನು ಕಾಯದೆಯೇ ಹೊಸ ಭವನದ ಗೋಡೆಗಳ ಮೇಲೆ ಕೆಲಸ ಆರಂಭವಾಯಿತು. ಎಟ್ಟಿಯ ಜಾಗಕ್ಕೆ ಬಂದ ಡೈಸನೇ 1846ರಲ್ಲಿ ಅಲ್ಲಿ ಮೊದಲ ಫ್ರೆಸ್ಕೊ ಬರೆದು ಮುಗಿಸಿದ. ಮುಂದೆ ರಾಣಿಯ ಉಡುಪಿನ ಕೋಣೆಯಲ್ಲಿ ಆರ್ಥರ್ ರಾಜನ ಕಥೆಯನ್ನು ಬರೆಯುತ್ತ ಬರೆಯುತ್ತ, ಮುಗಿಸಲಾರದೆ 1864ರಲ್ಲಿ ತೀರಿಕೊಂಡ. ಕವಿಗಳ ಕೃತಿಗಳಿಂದ ಆಯ್ದ ದೃಶ್ಯಗಳನ್ನು ಬರೆಸಿದ್ದ ಪಡಸಾಲೆಯ ಚಿತ್ರಗಳಂತೂ ಕೆಲವೇ ವರ್ಷಗಳಲ್ಲಿ ಉದುರತೊಡಗಿದವು. ಹಿತ್ತಿಲಿನ ಮಂಟಪ ಮೆಲ್ಲಗೆ ಹೇಳುತ್ತಿದ್ದುದನ್ನು ಪಾರ್ಲಿಮೆಂಟು ತನ್ನ ಗೋಡೆಯ ಮೇಲೇ ಕಲಿಯಬೇಕಾಯಿತು.

ಮಂಟಪದ ಎಂಟು ಮಂದಿಯಲ್ಲಿ ಒಬ್ಬನಾದ ಮಕ್ಲೀಸ್, ಐರ್ಲೆಂಡಿನ ಕಾರ್ಕ್ ಊರಿನವನು, ಹೀಗೆ ಕಲಿತವರಲ್ಲಿ ಮುಖ್ಯನಾದವನು. ಪಾರ್ಲಿಮೆಂಟಿನ ರಾಯಲ್ ಗ್ಯಾಲರಿಯಲ್ಲಿ ಸುಮಾರು 45 ಅಡಿ ಉದ್ದದ ಗೋಡೆಯ ಮೇಲೆ, ವಾಟರ್‌ಲೂ ಯುದ್ಧದ ಕೊನೆಗೆ ವೆಲಿಂಗ್ಟನ್ನನೂ ಪ್ರಷ್ಯದ ಸೇನಾನಿ ಬ್ಲೂಷರನೂ ಸಂಧಿಸಿದ ದೃಶ್ಯವನ್ನು ಬರೆಯಲು ಒಪ್ಪಿಕೊಂಡು, ಫ್ರೆಸ್ಕೊದಲ್ಲಿ ಆರಂಭಿಸಿ, ಇದು ಆಗದ ಕೆಲಸವೆಂದು ಕೈಚೆಲ್ಲಿ ಕುಳಿತ. ಆಲ್ಬರ್ಟನ ಸಲಹೆಯಂತೆ 1859ರಲ್ಲಿ ಬರ್ಲಿನ್ನಿಗೆ ಹೋಗಿ, ಒಣಗಿದ ಗಾರೆಯ ಮೇಲೆ ಬಣ್ಣ ಹಚ್ಚಿ ಅದರ ಮೇಲೆ ‘ವಾಟರ್ ಗ್ಲಾಸ್’ ಎಂಬ ಸಿಲಿಕೇಟ್ ದ್ರಾವಣವನ್ನು ಸಿಂಪಡಿಸಿ ಭದ್ರಪಡಿಸುವ ಹೊಸ ವಿಧಾನವನ್ನು ನೋಡಿಕೊಂಡು ಬಂದ. 1861ರಲ್ಲಿ ಚಿತ್ರ ಮುಗಿಯಿತು. ಚಿತ್ರ ಗೋಡೆಯ ಮೇಲೆ ನಿಂತಿತು. ಬಣ್ಣ ಮಾತ್ರ ಕಾಲಕ್ರಮದಲ್ಲಿ ಮಂಕಾಯಿತು.

ಈ ವೆಲಿಂಗ್ಟನ್ ನಮಗೆ ಅಪರಿಚಿತನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು. ಅಲ್ಲಿ ಅವನು ವಾಸಕ್ಕೆ ಆರಿಸಿಕೊಂಡದ್ದೂ ಒಂದು ಬೇಸಗೆಮನೆಯನ್ನೇ: 1784ರಲ್ಲಿ ಟಿಪ್ಪು ಸುಲ್ತಾನ ಕಾವೇರಿಯ ದಡದ ತೋಟದಲ್ಲಿ ಕಟ್ಟಿಸಿದ ದರಿಯಾ ದೌಲತ್. ಅದರ ಹೊರಗೋಡೆಯ ಮೇಲೆ ಇಂಗ್ಲಿಷರು ಪೊಳ್ಳಿಲೂರಿನಲ್ಲಿ ಸೋತ ಕಥೆ ಬಣ್ಣದಲ್ಲಿದೆ. ಕೆಟ್ಟುಹೋಗಿದ್ದ ಆ ಚಿತ್ರವನ್ನು, ತನ್ನವರ ಸೋಲಿನ ಚಿತ್ರವೆಂದು ಅಳಿಸದೆ, ವೆಲ್ಲೆಸ್ಲಿ ಸರಿಪಡಿಸಿದ. ಅದು ಮತ್ತೆ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ 1855ರಲ್ಲಿ ಪುನಃ ಬರೆಸಲಾಯಿತು. ಬಿಸಿಲೂ ಮಳೆಯ ಎರಚಲೂ ತಾಕದಿರಲೆಂದು ಅದರ ಸುತ್ತ ಪರದೆ ಇಳಿಬಿಟ್ಟಿರುವುದನ್ನು ನೀವೂ ನೋಡಿರುತ್ತೀರಿ. ಆ ಚಿತ್ರದ ಜೊತೆ ಬಾಳಿದವನ ಚಿತ್ರವೇ ಲಂಡನ್ನಿನಲ್ಲಿ ಮಂಕಾಗಿ ನಿಂತಿರುವುದನ್ನು ಕಂಡಾಗ ನಾನು ಶ್ರೀರಂಗಪಟ್ಟಣದ ಆ ಪರದೆಗಳನ್ನು ನೆನೆದೆ.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಹೋಗಿದ್ದಾಗ, ಬೇಸಗೆಯಲ್ಲಿ ಸಾರ್ವಜನಿಕರಿಗೆ ತೆರೆಯುವ ಅರಮನೆಯ ತೋಟವನ್ನೂ ನೋಡುವ ಅವಕಾಶ ನನಗೆ ಒದಗಿತು. ಕೆರೆ ಇದೆ; ನೀರುಹಕ್ಕಿಗಳಿವೆ; ಒಪ್ಪವಾಗಿ ಕತ್ತರಿಸಿದ ಹುಲ್ಲಿದೆ. ಮಂಟಪವಿದ್ದ ಜಾಗವೆಲ್ಲಿ ಎಂದು ಕೇಳಿದಾಗ ನಮ್ಮನ್ನು ಕರೆದೊಯ್ಯುತ್ತಿದ್ದ ತರುಣಿ ಮರಗಳತ್ತ ಸುಮ್ಮನೆ ಕೈ ತೋರಿಸಿದಳು. ಅದೇ ವಾರ ಗ್ರಂಥಾಲಯವೊಂದರಲ್ಲಿ ಗ್ರೂನರನ ಪುಸ್ತಕವನ್ನು ತರಿಸಿಕೊಂಡು ನೋಡಿದೆ. ಎಂಟು ಮೂಲೆಯ ಕೋಣೆ ಅದರಲ್ಲಿ ನೆಟ್ಟಗೆ ನಿಂತಿದೆ. ತೇವ ತಾಕಿಲ್ಲ, ಹೊಗೆ ಮುಟ್ಟಿಲ್ಲ. ಮೃಗಮುಖದವರು ಓಡುತ್ತಿದ್ದಾರೆ, ಕನ್ಯೆ ಮಾಯಾಪೀಠದಲ್ಲಿ ಕುಳಿತಿದ್ದಾಳೆ. ಒಂದೊಂದೇ ಫಲಕವನ್ನು ತಿರುವುತ್ತ ಚಿತ್ರಕಾರರ ಹೆಸರುಗಳನ್ನು ಬೆರಳಿಟ್ಟು ಓದಿಕೊಂಡು ಹೋದೆ. ಎಂಟು ಚಿತ್ರಗಳಿವೆ, ಎಂಟು ಹೆಸರುಗಳಿವೆ. ಡೈಸನ ಹೆಸರಿದೆ. ಎಟ್ಟಿಯದು ಇಲ್ಲ.